ಅಟ್ಟದಲ್ಲಿ ಸೇರಿಕೊಂಡ ಕಾಡುಪ್ರಾಣಿ: ಗುರುತಿಸಿ, ಹೊರಡಿಸಿ, ಆಮೇಲೆ ದಾರಿ ಮುಚ್ಚುವ ಕ್ರಮ

ರಾತ್ರಿ ದೀಪ ಆರಿಸಿದ ಮೇಲೆ ತಲೆಯ ಮೇಲೆ ದಡಬಡ ಸದ್ದು. ಮರುದಿನ ಬೆಳಿಗ್ಗೆ ಏಣಿ ಹಾಕಿ ಹತ್ತಿ, ಸೂರಿನ ಹತ್ತಿರ ಕಂಡ ಸಂದಿಗೆ ಸಿಮೆಂಟ್ ಮೆತ್ತಿ, ಕೈ ತೊಳೆದುಕೊಂಡು ಇಳಿಯುತ್ತಾರೆ. ಮೂರನೆಯ ದಿನ ಕೆರೆಯುವ ಸದ್ದು, ಐದನೆಯ ದಿನ ಮೂಗು ಮುಚ್ಚಿಕೊಳ್ಳುವಂಥ ನಾತ, ವಾರ ಕಳೆಯುವಷ್ಟರಲ್ಲಿ ಮುಚ್ಚಿಗೆಯ ಸಂದಿಯಿಂದ ಹುಳ ಉದುರಲು ಶುರು. ನನಗೆ ಫೋನು ಬರುವುದು ಆಮೇಲೆ.

ಎಷ್ಟೋ ಮನೆಗಳಲ್ಲಿ ಇದೇ ಕತೆ. ಮಲೆನಾಡಿನ ಹೆಂಚಿನ ಮನೆಯಾಗಲಿ, ಕರಾವಳಿಯಲ್ಲಿ ತಾರಸಿಯ ಮೇಲೆ ಶೀಟು ಹೊದಿಸಿದ ಮನೆಯಾಗಲಿ, ಬೆಂಗಳೂರಿನ ಫಾಲ್ಸ್ ಸೀಲಿಂಗ್ ಆಗಲಿ, ತಪ್ಪು ಒಂದೇ: ಒಳಗಿರುವವರು ಯಾರು ಎಂದು ತಿಳಿಯುವ ಮೊದಲೇ ಬಾಗಿಲು ಹಾಕುವುದು. ಮುಚ್ಚುವುದು ಕೊನೆಯ ಕೆಲಸ. ಅದಕ್ಕೆ ಮುಂಚೆ ಆರು ಹಂತಗಳಿವೆ, ಎರಡು ವಾರ ಹಿಡಿಯುತ್ತದೆ. ಆ ಎರಡು ವಾರ ಉಳಿಸಲು ಹೋದವರೆಲ್ಲ ಎರಡು ತಿಂಗಳು ಕಳೆದುಕೊಂಡಿದ್ದಾರೆ.

ಏಣಿ ಹಾಕುವ ಮುನ್ನ ಬೇಕಾದ ಸಾಮಾನು

ಒಳ್ಳೆಯ ಟಾರ್ಚು, ಸಾಧ್ಯವಾದರೆ ತಲೆಗೆ ಕಟ್ಟುವಂಥದ್ದು. ಎನ್-95 ಮಾಸ್ಕು, ಬಟ್ಟೆ ಕಟ್ಟಿಕೊಂಡರೆ ಸಾಲದು. ಮೊಣಕೈವರೆಗಿನ ದಪ್ಪ ಕೈಗವಸು, ತುಂಬುತೋಳಿನ ಅಂಗಿ, ಬೂಟು. ಜರಡಿ ಹಿಡಿದ ಬೂದಿ ಒಂದು ಡಬ್ಬ. ಹಳೆಯ ದಿನಪತ್ರಿಕೆ. ಅರ್ಧ ಇಂಚು ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣದ) ವೆಲ್ಡ್ ಜಾಲರಿ, ತಗಡು ಕತ್ತರಿಸುವ ಕತ್ತರಿ, ಸ್ಕ್ರೂ, ವಾಷರ್. ಏಣಿ ಹಿಡಿಯಲು ಇನ್ನೊಬ್ಬರು.

ಅಟ್ಟದಲ್ಲಿ ವಯರು ಹಾದುಹೋಗಿದ್ದರೆ ಮೈನ್ ಸ್ವಿಚ್ ಆಫ್ ಮಾಡಿಯೇ ಹತ್ತಿ. ಇಲಿ, ಅಳಿಲು ಕಚ್ಚಿ ತಾಮ್ರ ಹೊರಬಂದ ವಯರು ಕತ್ತಲಲ್ಲಿ ಕಾಣುವುದಿಲ್ಲ. ಜಿಪ್ಸಂ ಸೀಲಿಂಗ್ ಮನುಷ್ಯರ ಭಾರ ತಡೆಯುವುದಿಲ್ಲ, ಅದರ ಮೇಲೆ ಕಾಲಿಡಲೇಬೇಡಿ. ಹೆಂಚಿನ ಮಾಡಿನ ಮೇಲೆ ಹೋಗುವುದಾದರೆ ಒಣಗಿದ ದಿನವೇ ಆಗಬೇಕು, ಹೆಜ್ಜೆ ಪಕಾಸಿಯ, ಅಂದರೆ ಮಾಡನ್ನು ಹೊತ್ತ ಇಳಿಜಾರು ಮರದ, ನೇರಕ್ಕೆ ಬೀಳಬೇಕು. ಪಾಚಿ ಹಿಡಿದ ಹೆಂಚಿನ ಮೇಲೆ ಮಳೆಗಾಲದಲ್ಲಿ ಹತ್ತಿದರೆ ಪ್ರಾಣಿಗಿಂತ ಮೊದಲು ನೀವು ಕೆಳಗಿಳಿಯುತ್ತೀರಿ.

ಹಂತ 1: ಮೂರು ರಾತ್ರಿ ಸುಮ್ಮನೆ ಕೇಳಿ

ಒಂದು ಚೀಟಿಯಲ್ಲಿ ಸಮಯ ಬರೆದಿಡಿ. ಸದ್ದು ಎಷ್ಟು ಹೊತ್ತಿಗೆ ಶುರುವಾಯಿತು, ಯಾವ ಮೂಲೆಯಿಂದ ಯಾವ ಮೂಲೆಗೆ ಹೋಯಿತು, ಯಾವಾಗ ನಿಂತಿತು. ಅರ್ಧ ಉತ್ತರ ಈ ಚೀಟಿಯಲ್ಲೇ ಸಿಗುತ್ತದೆ.

ರಾತ್ರಿ ಏಳೆಂಟು ಗಂಟೆಗೆ ಒಮ್ಮೆ ದಪ್ಪ ಹೆಜ್ಜೆ, ಮಗು ನಡೆದಂತೆ. ಆಮೇಲೆ ನಡುರಾತ್ರಿಯಿಡೀ ಮೌನ. ಮತ್ತೆ ಬೆಳಗಿನ ಜಾವ ನಾಲ್ಕು-ಐದಕ್ಕೆ ಅದೇ ಹೆಜ್ಜೆ. ಹೀಗಿದ್ದರೆ ಅದು ಬಹುಮಟ್ಟಿಗೆ ಮರಬೆಕ್ಕು, ಅಂದರೆ ಹಲವರು ಪುನುಗು ಎಂದು ಕರೆಯುವ ಕಾಡುಪ್ರಾಣಿ. ಹೊರಗೆ ಹೋಗಿ ದುಡಿದು ವಾಪಸ್ ಬರುವ ಬಾಡಿಗೆದಾರ. ದೀಪ ಆರಿದ ಅರ್ಧ ಗಂಟೆಗೆ ಶುರುವಾಗಿ ರಾತ್ರಿಯೆಲ್ಲ ಬಿಟ್ಟು ಬಿಟ್ಟು ಸರಸರ ಓಟ, ನಡುವೆ ಕರಕರ ಕಡಿಯುವ ಸದ್ದು ಬಂದರೆ ಇಲಿ. ಬೆಳಕು ಹರಿದ ಮೇಲೆ ಗಲಾಟೆ, ಸಂಜೆಯಾಗುತ್ತಲೇ ನಿಶ್ಶಬ್ದ ಎಂದಾದರೆ ಅಳಿಲು. ಮುಸ್ಸಂಜೆಗೆ ಒಂದಿಷ್ಟು ಹೊತ್ತು ಚಿಂವ್‌ಚಿಂವ್ ಎಂಬ ಸಣ್ಣ ಸದ್ದು, ಹೆಜ್ಜೆಯೇ ಇಲ್ಲ ಎಂದಾದರೆ ಬಾವಲಿ. ಹೆಜ್ಜೆಯಿಲ್ಲದೆ ಬುಸ್ಸೆನ್ನುವ, ಒಮ್ಮೊಮ್ಮೆ ಕಿರುಚುವ ಸದ್ದಾದರೆ ಹಾವೆಂದು ಹೆದರುವವರೇ ಹೆಚ್ಚು; ನಿಜಕ್ಕೂ ಅದು ಕಣಜ ಗೂಬೆಯ ಮರಿಗಳು ಊಟ ಕೇಳುವ ದನಿ ಆಗಿರುವುದುಂಟು.

ಹಾವು ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ತಿಂಗಳುಗಟ್ಟಲೆ ಕಾಡಿದ ಇಲಿಯ ಸದ್ದು ನೀವೇನೂ ಮಾಡದೆ ತಟ್ಟನೆ ನಿಂತಿತೆಂದರೆ ಖುಷಿಪಡುವ ಮೊದಲು ಟಾರ್ಚು ಹಾಕಿ ನೋಡಿ.

ಹಂತ 2: ಹಿಕ್ಕೆ, ಹೆಜ್ಜೆ, ಕಲೆ

ಹಗಲು ಹೊತ್ತಿನಲ್ಲಿ ಹತ್ತಿ. ಅಟ್ಟದ ಬಾಗಿಲು ತೆಗೆದು ತಲೆ ತೂರಿಸುವ ಮೊದಲು ಎರಡು ಸಲ ತಟ್ಟಿ, ಒಂದು ನಿಮಿಷ ಕಾಯಿರಿ. ಒಳಗಿರುವವರಿಗೆ ಹಿಂದೆ ಸರಿಯಲು ಅವಕಾಶ ಬೇಕು. ಆಮೇಲೆ ಟಾರ್ಚನ್ನು ಮೊದಲು ಮೂಲೆಗಳಿಗೆ, ಕೊನೆಗೆ ನೀವು ಕೈ ಊರಬೇಕಾದ ಜಾಗಕ್ಕೆ ಹಿಡಿಯಿರಿ.

ಹಿಕ್ಕೆಯಷ್ಟು ಸುಳ್ಳು ಹೇಳದ ಸಾಕ್ಷಿ ಬೇರೆಯಿಲ್ಲ. ಮರಬೆಕ್ಕು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತದೆ. ಅಲ್ಲಿ ಬೆರಳು ಗಾತ್ರದ ಹಿಕ್ಕೆಯ ತುಂಬ ಬೀಜ ಸಿಗುತ್ತದೆ. ಬೈನೆ ಹಣ್ಣಿನದು, ಸಪೋಟದ್ದು, ಪಪ್ಪಾಯಿಯದು, ಕಾಫಿ ಸೀಮೆಯಲ್ಲಾದರೆ ಇಡೀ ಕಾಫಿ ಬೀಜಗಳೇ. ಇಲಿಯದು ಸುಮಾರು ಅರ್ಧ ಇಂಚಿನ, ಎರಡೂ ತುದಿ ಚೂಪಾದ ಗಟ್ಟಿ ಕಾಳು. ಸುಂಡಿಲಿಯದು ಅಕ್ಕಿ ಕಾಳಿಗಿಂತ ಸಣ್ಣದು. ಬಾವಲಿಯದನ್ನೂ ಸುಂಡಿಲಿಯದನ್ನೂ ಅದಲುಬದಲು ಮಾಡಿಕೊಳ್ಳುವವರು ಬಹಳ. ಕಡ್ಡಿಯಿಂದ ಒತ್ತಿ ನೋಡಿ: ಪುಡಿಪುಡಿಯಾಗಿ ಒಳಗೆ ಹುಳುವಿನ ರೆಕ್ಕೆಯ ಚೂರು ಮಿನುಗಿದರೆ ಬಾವಲಿ, ಗಟ್ಟಿಯಾಗಿಯೇ ಉಳಿದರೆ ಇಲಿ. ಗೂಬೆ ಇದ್ದಲ್ಲಿ ಹಿಕ್ಕೆಗಿಂತ ಹೆಚ್ಚಾಗಿ ಕಪ್ಪನೆಯ ಉಂಡೆಗಳು ಸಿಗುತ್ತವೆ, ಬಿಡಿಸಿದರೆ ಇಲಿಯ ಕೂದಲು, ತಲೆಬುರುಡೆ, ಮೂಳೆ. ಅದು ಹಿಕ್ಕೆಯಲ್ಲ, ಜೀರ್ಣವಾಗದ್ದನ್ನು ಗೂಬೆ ಬಾಯಿಂದ ಕಕ್ಕಿದ್ದು.

ಇನ್ನೂ ಅನುಮಾನವಿದ್ದರೆ ಸಂಜೆ ಬೂದಿ ಹರಡಿ. ಎಲ್ಲೆಲ್ಲೂ ಬೇಡ, ಓಡಾಟದ ದಾರಿ ಎನಿಸಿದ ಕಡೆ ಎರಡು ಅಡಿ ಅಗಲಕ್ಕೆ ತೆಳ್ಳಗೆ ಜರಡಿ ಹಿಡಿದರೆ ಸಾಕು. ಅಕ್ಕಿ ಹಿಟ್ಟು ಹರಡುವವರಿದ್ದಾರೆ. ಅದರಿಂದ ಮೊದಲಿದ್ದ ಅತಿಥಿಯ ಜೊತೆಗೆ ಇರುವೆ, ಜಿರಲೆ, ಇಲಿಗೂ ಕರೆಯೋಲೆ ಕೊಟ್ಟಂತಾಗುತ್ತದೆ. ಬೂದಿ ಇಲ್ಲದಿದ್ದರೆ ರಂಗೋಲಿ ಪುಡಿ ಆದೀತು. ಬೆಳಿಗ್ಗೆ ನೋಡಿ: ಐದು ಬೆರಳಿನ ಹೆಜ್ಜೆ ಮರಬೆಕ್ಕಿನದು, ನಾಲ್ಕೇ ಬೆರಳು ಮೂಡಿ ಉಗುರಿನ ಗುರುತಿಲ್ಲದಿದ್ದರೆ ಮಾಮೂಲಿ ಬೆಕ್ಕು. ನಗಬೇಡಿ, ಭೂತ ಎಂದು ಪೂಜೆ ಮಾಡಿಸಿದ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದ್ದು ಮೂರು ಮರಿ ಹಾಕಿದ ಬೀದಿ ಬೆಕ್ಕು.

ಗೋಡೆ, ಜಂತಿಯ ಮೇಲೆ ಜಿಡ್ಡು ಹಿಡಿದ ಕಪ್ಪು ಗೆರೆ ಕಂಡರೆ ಅದು ಇಲಿ ಮೈ ಉಜ್ಜಿಕೊಂಡು ಓಡಾಡುವ ಹೆದ್ದಾರಿ. ನಾರು, ಹತ್ತಿ, ಹರಕು ಬಟ್ಟೆ ಉಂಡೆಯಾಗಿ ಸೇರಿದ್ದರೆ ಅಳಿಲಿನ ಗೂಡು. ಕಾಗದದಂತಹ ಹಾವಿನ ಪೊರೆ ಸಿಕ್ಕರೆ ಮುಂದೆ ಹೋಗಬೇಡಿ, ಇಳಿದುಬಿಡಿ.

ಹಂತ 3: ಯಾರೆಂದು ತೀರ್ಮಾನಿಸಿ, ಏಕೆಂದರೆ ಮುಂದಿನ ದಾರಿ ಬೇರೆ ಬೇರೆ

ಮರಬೆಕ್ಕು. ಕಬ್ಬೆಕ್ಕು ಎನ್ನುವವರೂ ಇದ್ದಾರೆ, ಪುನುಗು ಎಂದು ಕರೆಯುವವರೇ ಜಾಸ್ತಿ. ನಿಜವಾದ ಪುನುಗಿನ ಬೆಕ್ಕಿಗೆ ಬಾಲದ ತುಂಬ ಕಪ್ಪು ಉಂಗುರಗಳಿರುತ್ತವೆ, ಅದು ಹೆಚ್ಚಾಗಿ ನೆಲದ ಮೇಲೆಯೇ ಬದುಕುತ್ತದೆ. ಅಟ್ಟ ಹತ್ತುವುದು ಉಂಗುರವಿಲ್ಲದ ಬಾಲದ, ಕಣ್ಣ ಸುತ್ತ ಕಪ್ಪು ಮುಸುಕು ಹಾಕಿಕೊಂಡಂತೆ ಕಾಣುವ ಮರಬೆಕ್ಕು. ತೂಕ 2ರಿಂದ 5 ಕಿಲೋ, ಬಾಲ ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ಸಡಿಲವಾದ ಹೆಂಚನ್ನು ತಲೆಯಿಂದ ಎತ್ತಿ ಒಳಗೆ ತೂರಿಕೊಳ್ಳುವಷ್ಟು ಬಲವಿದೆ. ಅದರಿಂದ ಆಗುವ ತೊಂದರೆ ನಾತ, ಸದ್ದು, ಸರಿದ ಹೆಂಚಿನಿಂದ ಸೋರುವ ನೀರು. ಲಾಭವೂ ಇದೆ, ಇಲಿ ಹಿಡಿಯುತ್ತದೆ. ಹೊಲ ತೋಟದ ನಡುವಿನ ಮನೆಯವರು ಹಲವರು ಅದರ ಪಾಡಿಗೆ ಅದನ್ನು ಬಿಟ್ಟಿದ್ದಾರೆ. ಬಿಡಬೇಕೇ ಎಬ್ಬಿಸಬೇಕೇ ಎಂಬುದು ನಿಮ್ಮ ನಿದ್ದೆಯ ಆಳಕ್ಕೆ ಬಿಟ್ಟದ್ದು.

ಕಾನೂನಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬೋನಿಗೆ ಬೀಳಿಸುವುದು, ಹಕ್ಕಿ ಹಾವುಗಳ ಮೊಟ್ಟೆ ಅಥವಾ ಗೂಡು ಕೆಡಿಸುವುದೂ ಅದರಲ್ಲಿ ಸೇರುತ್ತದೆ. ಮರಬೆಕ್ಕು, ಗೂಬೆ, ನಾಗರಹಾವು, ಕೇರೆಹಾವು, ಉಡ ಇವೆಲ್ಲ ರಕ್ಷಿತ ಪ್ರಾಣಿಗಳು. ಹಾಗಾಗಿ ‘ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟು ಬರುತ್ತೇನೆ’ ಎಂಬ ಒಳ್ಳೆಯ ಮನಸ್ಸಿನ ಯೋಜನೆಯೂ ಅಪರಾಧವೇ. ಅದು ಪ್ರಾಣಿಗೂ ಒಳ್ಳೆಯದಲ್ಲ. ಗೊತ್ತಿಲ್ಲದ ಜಾಗದಲ್ಲಿ ಅದಕ್ಕೆ ಊಟ ತಿಳಿಯದು, ಅಡಗುದಾಣ ತಿಳಿಯದು, ಅಲ್ಲಿ ಮೊದಲೇ ಇರುವವರು ಸುಮ್ಮನೆ ಬಿಡುವುದಿಲ್ಲ. ನಿಮ್ಮ ಅಟ್ಟದಲ್ಲಿ ತೆರವಾದ ಜಾಗಕ್ಕೆ ಇನ್ನೊಂದು ಬರುತ್ತದೆ, ಏಕೆಂದರೆ ಸಂದಿ ಹಾಗೆಯೇ ಇದೆ.

ಬಾವಲಿ. ಮನೆಯ ಸೂರಿನಲ್ಲಿ ಇರುವುದು ಹುಳು ತಿನ್ನುವ ಸಣ್ಣ ಬಾವಲಿಗಳು. ಸೂರಿನ ಹೊರಭಾಗದಲ್ಲಿದ್ದರೆ ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ. ಅಟ್ಟದೊಳಗೆ ಹಿಕ್ಕೆ ರಾಶಿ ಬೀಳುತ್ತಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

ಕಣಜ ಗೂಬೆ. ಅಪಶಕುನ ಎಂದು ಓಡಿಸುವ ಮೊದಲು ಉಂಡೆಗಳಲ್ಲಿನ ತಲೆಬುರುಡೆ ಎಣಿಸಿ. ಅಷ್ಟು ಇಲಿ ನಿಮ್ಮ ಅಡಿಕೆ ಮೂಟೆ ಕಡಿಯದೆ ಹೋದವು. ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ಮೂರು ತಿಂಗಳು. ಅದು ಮುಗಿದ ಮೇಲೆ ಕಿಂಡಿ ಮುಚ್ಚಬಹುದು. ನಡುವೆ ಏನೂ ಮಾಡುವಂತಿಲ್ಲ.

ಅಳಿಲಿನಿಂದ ಆಗುವ ದೊಡ್ಡ ಅಪಾಯ ವಯರು. ಇಲಿಯ ವಿಷಯ ಬೇರೆಯೇ, ಅದಕ್ಕೆ ಹಂತ 6ರಲ್ಲಿ ಬರುತ್ತೇನೆ. ಹಾವಿಗೆ ಹಂತಗಳೇ ಇಲ್ಲ: ಅಟ್ಟದ ಬಾಗಿಲು ಹಾಕಿ, ಸಂದಿಗೆ ಬಟ್ಟೆ ತುರುಕಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ. ಅಟ್ಟ ಹತ್ತುವ ಹಾವು ಹಲವು ಸಲ ವಿಷವಿಲ್ಲದ ಕೇರೆಯೋ ತೋಳಹಾವೋ ಆಗಿರುತ್ತದೆ, ನಿಜ. ಆದರೆ ತೋಳಹಾವಿಗೂ ವಿಷದ ಕಟ್ಟುಹಾವಿಗೂ ವ್ಯತ್ಯಾಸ ಹೇಳುವ ಪರೀಕ್ಷೆಯನ್ನು ಕತ್ತಲೆಯಲ್ಲಿ, ಏಣಿಯ ಮೇಲೆ ಬರೆಯಬಾರದು.

ಹಂತ 4: ಬಾಗಿಲು ಹುಡುಕಿ, ಒಂದಲ್ಲ, ಎಲ್ಲವನ್ನೂ

ಬಿಸಿಲು ಜೋರಾಗಿರುವ ಹೊತ್ತಿಗೆ ಅಟ್ಟದೊಳಗೆ ಹೋಗಿ ಟಾರ್ಚು ಆರಿಸಿ ಐದು ನಿಮಿಷ ಕುಳಿತುಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಬೆಳಕು ಬರುವ ಪ್ರತಿ ಸಂದಿಯೂ ಕಾಣುತ್ತದೆ. ಸೀಮೆಸುಣ್ಣದಿಂದ ಗುರುತು ಹಾಕಿ.

ಎಷ್ಟು ಸಣ್ಣ ಸಂದಿ ಲೆಕ್ಕಕ್ಕೆ ಬರುತ್ತದೆ? ಸುಂಡಿಲಿಗೆ ಪೆನ್ಸಿಲ್ ದಪ್ಪದ ಸಂದಿ ಸಾಕು. ಇಲಿಗೆ ಅರ್ಧ ಇಂಚು. ಸಣ್ಣ ಬಾವಲಿಗೂ ಹೆಚ್ಚುಕಡಿಮೆ ಅಷ್ಟೇ. ಮರಬೆಕ್ಕಿಗೆ ಮುಷ್ಟಿ ಹಿಡಿಸುವ ಸಂದಿ ಸಿಕ್ಕರೆ ಉಳಿದದ್ದನ್ನು ಅದೇ ದೊಡ್ಡದು ಮಾಡಿಕೊಳ್ಳುತ್ತದೆ.

ಜನ ನೋಡದೆ ಬಿಡುವ ಜಾಗಗಳು: ಗೋಡೆಯ ತಲೆ ಮತ್ತು ಮಾಡಿನ ನಡುವಿನ ಸಂದಿ, ನೆತ್ತಿಯ ಹೆಂಚಿನ ಕೆಳಗೆ ಗಾರೆ ಉದುರಿದಲ್ಲಿ, ಗಾಜಿನ ಹೆಂಚಿನ ಪಕ್ಕ, ಶೀಟಿನ ಅಲೆಗಳ ತುದಿ, ಎಸಿ ಪೈಪು, ಕೇಬಲ್ಲು, ಸೋಲಾರ್ ಪೈಪು ಒಳಬರುವ ತೂತು, ಬಚ್ಚಲ ಒಲೆಯ ಹೊಗೆಗೂಡು. ಫ್ಲ್ಯಾಟುಗಳಲ್ಲಾದರೆ ಪೈಪುಗಳ ಡಕ್ಟು, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿನ ಕಿಂಡಿ.

ನಿಜಕ್ಕೂ ಬಳಕೆಯಲ್ಲಿರುವ ದಾರಿ ಯಾವುದು ಎಂದು ತಿಳಿಯಲು ಪ್ರತಿ ಸಂದಿಗೂ ದಿನಪತ್ರಿಕೆಯನ್ನು ಸಡಿಲವಾಗಿ ತುರುಕಿ. ಗಟ್ಟಿಯಾಗಿ ಅಲ್ಲ, ತಳ್ಳಿದರೆ ಬೀಳುವಷ್ಟು. ಬೆಳಿಗ್ಗೆ ಯಾವುದು ಉದುರಿದೆಯೋ ಅದೇ ಹೆಬ್ಬಾಗಿಲು. ಜೊತೆಗೆ ಒಂದು ಸಂಜೆ ಆರರಿಂದ ಎಂಟರವರೆಗೆ ಅಂಗಳದಲ್ಲಿ ಕುರ್ಚಿ ಹಾಕಿ ಕೂತು ಮಾಡನ್ನು ನೋಡಿ. ಬಾವಲಿ ಹೊರಡುವ ಕಿಂಡಿಯನ್ನು ಹೀಗಲ್ಲದೆ ಬೇರೆ ರೀತಿ ಹಿಡಿಯಲು ಆಗುವುದಿಲ್ಲ.

ಹಂತ 5: ಮರಿ ಇದೆಯೇ? ಈ ಪ್ರಶ್ನೆಗೆ ಉತ್ತರ ಸಿಗದೆ ಮುಂದೆ ಹೋಗಬೇಡಿ

ನಾನೇ ಎಡವಿದ್ದು ಇಲ್ಲಿ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಮರಬೆಕ್ಕು ಹೊರಟದ್ದನ್ನು ಕಣ್ಣಾರೆ ಕಂಡು, ಮರುದಿನವೇ ಕಿಂಡಿಗೆ ಜಾಲರಿ ಹೊಡೆದೆ. ಆ ರಾತ್ರಿ ತಾಯಿ ಹೊರಗಿನಿಂದ ಹೆಂಚು ಕೀಳತೊಡಗಿತು, ಒಳಗಿನಿಂದ ಮರಿಗಳ ಕೀರಲು. ಹನ್ನೊಂದು ಹೆಂಚು ಒಡೆದ ಮೇಲೆ ನನಗೆ ಬುದ್ಧಿ ಬಂದು ಜಾಲರಿ ಕಿತ್ತೆ. ಹೊಸ ಹೆಂಚು ಆ ಅಚ್ಚಿನದು ಸಿಗಲಿಲ್ಲ. ಇಂದಿಗೂ ಆ ಮೂಲೆ ಮಳೆಗೆ ಸೋರುತ್ತದೆ.

ಮರಬೆಕ್ಕು ಒಂದು ಸೂಲಿಗೆ 2ರಿಂದ 5 ಮರಿ ಹಾಕುತ್ತದೆ. ಇಂಥದ್ದೇ ತಿಂಗಳು ಎಂದು ನಂಬುವಂತಿಲ್ಲ. ತಾಯಿ ಹೊರಟ ಅರ್ಧ ಗಂಟೆಯ ನಂತರ, ರಾತ್ರಿ ಎಂಟೂವರೆ ಒಂಬತ್ತರ ಹೊತ್ತಿಗೆ, ಅಟ್ಟದ ಕೆಳಗೆ ನಿಂತು ಕೇಳಿ. ಬೆಕ್ಕಿನ ಮರಿಯಂತಹ ಸಣ್ಣ ಕೂಗು ಬಂದರೆ ಮರಿ ಇದೆ. ಎರಡು ರಾತ್ರಿ ಕೇಳಿ. ಹಗಲಿನಲ್ಲಿ ದೂರದಿಂದ ಟಾರ್ಚು ಬಿಟ್ಟು ನೋಡಬಹುದು, ಹತ್ತಿರ ಹೋಗಬೇಡಿ. ಮರಿ ಇರುವ ತಾಯಿ ಓಡುವುದಿಲ್ಲ, ಮೇಲೆ ಬೀಳುತ್ತದೆ.

ಮರಿ ಇದ್ದರೆ ಎರಡು ದಾರಿ. ಒಂದು, ಕಾಯುವುದು: ಎರಡೂವರೆ ಮೂರು ತಿಂಗಳಿಗೆ ಅವು ತಾಯಿಯ ಹಿಂದೆ ಹೊರಟುಹೋಗುತ್ತವೆ. ಇನ್ನೊಂದು, ಹಂತ 6ರಲ್ಲಿ ಹೇಳುವ ಹಾಗೆ ಜಾಗವನ್ನು ಸ್ವಲ್ಪ ಅಹಿತ ಮಾಡಿ, ದಾರಿಯನ್ನು ಮಾತ್ರ ಪೂರ್ತಿ ತೆರೆದಿಡುವುದು. ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಇನ್ನೊಂದು ಅಡಗುದಾಣಕ್ಕೆ ಸಾಗಿಸುತ್ತದೆ. ಅದಕ್ಕೆ ಕನಿಷ್ಠ ಮೂರು ರಾತ್ರಿ ಕೊಡಿ.

ಮರಿ ಕೆಳಗೆ ಬಿದ್ದು ಸಿಕ್ಕರೆ ಹಾಲು ಕುಡಿಸಲು ಹೋಗಬೇಡಿ. ಕೈಗವಸು ಹಾಕಿ, ಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮುಸ್ಸಂಜೆಗೆ ಸಿಕ್ಕ ಜಾಗದ ಹತ್ತಿರವೇ ನಾಯಿಗೆ ಎಟುಕದ ಎತ್ತರದಲ್ಲಿಟ್ಟು ದೂರ ಸರಿಯಿರಿ. ಬೆಳಗಿನವರೆಗೂ ತಾಯಿ ಬಾರದಿದ್ದರೆ, ಅಥವಾ ಮರಿಗೆ ಗಾಯವಾಗಿದ್ದರೆ, 1926. ಬೆಂಗಳೂರಿನವರಿಗೆ ಕೆಂಗೇರಿ ಬಳಿ ಪೀಪಲ್ ಫಾರ್ ಆನಿಮಲ್ಸ್ ನಡೆಸುವ ವನ್ಯಜೀವಿ ಆಸ್ಪತ್ರೆಯೂ ಇದೆ.

ಬಾವಲಿಯಲ್ಲಾದರೆ ದೊಡ್ಡವು ಹೊರಟ ಮೇಲೆ ರೋಮವಿಲ್ಲದ ಗುಲಾಬಿ ಮರಿಗಳು ಅಂಟಿಕೊಂಡು ಉಳಿದಿರುತ್ತವೆ. ಕಂಡರೆ ಆರು ವಾರ ಮುಂದೂಡಿ.

ಹಂತ 6: ಹೊರಡಿಸುವುದು

ಮೊದಲು ಕೆಲಸಕ್ಕೆ ಬಾರದವುಗಳನ್ನು ಹೇಳುತ್ತೇನೆ, ಏಕೆಂದರೆ ದುಡ್ಡು ಖರ್ಚಾಗುವುದು ಇವುಗಳಿಗೇ. ನುಸಿಗುಳಿಗೆ: ಎರಡು ದಿನಕ್ಕೆ ಪ್ರಾಣಿಗೆ ಅಭ್ಯಾಸವಾಗುತ್ತದೆ, ಕೆಳಗೆ ಮಲಗಿದವರಿಗೆ ತಲೆನೋವು ಉಳಿಯುತ್ತದೆ. ಫಿನಾಯಿಲು: ಅದೇ. ಕಿವಿಗೆ ಕೇಳದ ಸದ್ದು ಮಾಡಿ ಓಡಿಸುತ್ತದೆ ಎನ್ನುವ ಪ್ಲಗ್ಗಿನ ಯಂತ್ರ: ಅದರ ಮೇಲೆಯೇ ಇಲಿ ಹಿಕ್ಕೆ ಹಾಕಿದ್ದನ್ನು ನೋಡಿದ್ದೇನೆ. ಒಣಮೆಣಸಿನ ಹೊಗೆ: ಅಟ್ಟದಲ್ಲಿ ಒಣ ಸೋಗೆ, ಗೋಣಿಚೀಲ, ಮರ, ಎಲ್ಲದರ ನಡುವೆ ಕೆಂಡ ಇಡುವ ಈ ಉಪಾಯದಿಂದ ಮರಬೆಕ್ಕು ಹೋಗುತ್ತದೆ, ಮನೆಯೂ ಹೋಗಬಹುದು. ಅಂಟು ಹಲಗೆ ಬೇಡವೇ ಬೇಡ. ಹಲ್ಲಿ, ಹಾವು, ಗೂಬೆ ಮರಿ ಯಾವುದು ಬೇಕಾದರೂ ಅದಕ್ಕೆ ಸಿಕ್ಕಿ ನರಳುತ್ತದೆ.

ಮರಬೆಕ್ಕಿಗೆ ಕೆಲಸ ಮಾಡುವುದು ಬೆಳಕು ಮತ್ತು ಕಿರಿಕಿರಿ. ಅದು ಮಲಗುವ ಮೂಲೆಗೆ ಹಗಲಿಡೀ ಎಲ್‌ಇಡಿ ಬಲ್ಬು ಉರಿಸಿ. ಹಳೆಯ ಕಾವೇರುವ ಬಲ್ಬು ಬೇಡ. ಪಕ್ಕದಲ್ಲಿ ಮೆಲುದನಿಯಲ್ಲಿ ಮಾತಿನ ಕಾರ್ಯಕ್ರಮ ಬರುವ ರೇಡಿಯೋ ಇಡಿ. ಅಟ್ಟದ ಸಾಮಾನನ್ನು ದಿನಕ್ಕೊಮ್ಮೆ ಸರಿಸಿ. ಹಗಲು ನಿದ್ದೆ ಕೆಟ್ಟ ಪ್ರಾಣಿ ಮೂರು ನಾಲ್ಕು ದಿನದಲ್ಲಿ ಬೇರೆ ಜಾಗ ನೋಡಿಕೊಳ್ಳುತ್ತದೆ. ಅದಕ್ಕೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಅಡಗುದಾಣ ಇರುತ್ತವೆ. ವಾರವಾದರೂ ಹೋಗದಿದ್ದರೆ ರೇಡಿಯೋ ಕೇಳುತ್ತಾ ಮಲಗುವುದನ್ನು ಕಲಿತಿದೆ ಎಂದರ್ಥ.

ಆಗ ಒಮ್ಮುಖ ಬಾಗಿಲು ಮಾಡಿ. ಹಗಲಿನಲ್ಲಿ, ಸದ್ದಿಲ್ಲದೆ, ಹೆಬ್ಬಾಗಿಲಾದ ಕಿಂಡಿಗಿಂತ ಸುತ್ತಲೂ ಮೂರು ಇಂಚು ದೊಡ್ಡದಾದ ಜಾಲರಿಯ ತುಂಡನ್ನು ಹೊರಗಡೆಯಿಂದ ಮೇಲ್ತುದಿಗೆ ಮಾತ್ರ ಬಿಗಿದು ಇಳಿಬಿಡಿ. ಒಳಗಿನಿಂದ ತಳ್ಳಿದರೆ ತೆರೆಯಬೇಕು, ಹೊರಗಿನಿಂದ ತಳ್ಳಿದರೆ ಗೋಡೆಗೆ ಒತ್ತಬೇಕು. ಕೆಳತುದಿಗೆ ಒಂದು ಕಬ್ಬಿಣದ ಸರಳು ಕಟ್ಟಿದರೆ ಗಾಳಿಗೆ ಹಾರುವುದಿಲ್ಲ. ಉಳಿದ ಸಂದಿಗಳನ್ನು ಅದೇ ದಿನ ಮುಚ್ಚಿ, ಒಳಗೆ ಬೂದಿ ಹರಡಿ. ಮೂರು ರಾತ್ರಿ ಹೊಸ ಹೆಜ್ಜೆ ಮೂಡದಿದ್ದರೆ ಒಳಗೆ ಯಾರೂ ಇಲ್ಲ. ನಡುವೆ ಮರಿಯ ಕೂಗು ಕೇಳಿದರೆ, ಮಧ್ಯರಾತ್ರಿಯಾದರೂ ಸರಿ, ಆ ಬಾಗಿಲು ಎತ್ತಿ ಕಟ್ಟಿ. ಹಾಗಾಗಿ ಏಣಿಯಿಂದಲೋ ಕಿಟಕಿಯಿಂದಲೋ ಎಳೆಯಬಹುದಾದ ಒಂದು ಹಗ್ಗವನ್ನು ಮೊದಲೇ ಅದಕ್ಕೆ ಕಟ್ಟಿಟ್ಟಿರಿ. ರಾತ್ರಿ ಮಾಡು ಹತ್ತುವ ಸಾಹಸ ಬೇಡ.

ಬಾವಲಿಗೆ ಗಟ್ಟಿ ಜಾಲರಿ ಆಗುವುದಿಲ್ಲ. ಕಿಂಡಿಯ ಮೇಲೆ ಮತ್ತು ಎರಡು ಪಕ್ಕ ಅಂಟಿಸಿ, ಕೆಳಗೆ ಎರಡು ಅಡಿ ಇಳಿಬಿಟ್ಟು, ತಳ ತೆರೆದಿಟ್ಟ ನುಣುಪಾದ ಸೊಳ್ಳೆ ಪರದೆಯಂಥ ಬಲೆ ಸಾಕು. ಅವು ತೆವಳಿ ಕೆಳಗಿಳಿದು ಹಾರುತ್ತವೆ. ವಾಪಸ್ ಬಂದಾಗ ನೇರ ಕಿಂಡಿಗೆ ಬಂದು ಬಲೆಗೆ ತಡೆದು ತಿರುಗಿಹೋಗುತ್ತವೆ. ಒಂದು ವಾರ ಹಾಗೇ ಬಿಡಿ.

ಇಲಿಗೆ ಮಾತ್ರ ಈ ಕ್ರಮವೆಲ್ಲ ತಲೆಕೆಳಗು. ಮೊದಲು ಹೊರಗಿನ ಸಂದಿ ಮುಚ್ಚಿ, ಆಮೇಲೆ ಒಳಗಿರುವುದನ್ನು ಹಿಡಿಯಬೇಕು. ಇಲ್ಲದಿದ್ದರೆ ಇವತ್ತು ಎರಡು ಹಿಡಿದರೆ ನಾಳೆ ಮೂರು ಬರುತ್ತವೆ. ಇಲಿ ಹೊಸ ವಸ್ತುವಿಗೆ ಹೆದರುತ್ತದೆ. ಹಾಗಾಗಿ ಬೋನಿನಲ್ಲಿ ಸುಟ್ಟ ಕೊಬ್ಬರಿ ಚೂರು ಇಟ್ಟು, ಬಾಗಿಲು ಬೀಳದಂತೆ ಕಟ್ಟಿ, ಎರಡು ಮೂರು ರಾತ್ರಿ ಪುಕ್ಕಟೆ ತಿನ್ನಲು ಬಿಡಿ. ನಾಲ್ಕನೆಯ ರಾತ್ರಿ ಬೋನು ಹೂಡಿ. ಜಿಡ್ಡಿನ ಗೆರೆ ಇರುವ ಗೋಡೆಗೆ ತಾಗಿಸಿಯೇ ಇಡಬೇಕು, ಅಟ್ಟದ ನಟ್ಟನಡುವೆ ಅಲ್ಲ. ಇಲಿಪಾಷಾಣ ಬೇಡ ಎನ್ನಲು ಎರಡು ಕಾರಣ. ಅಂಗಡಿಯಲ್ಲಿ ಸಿಗುವ ಬಹುಪಾಲು ಕೇಕಿನಂಥ ವಿಷಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ನಂತರ ಕೊಲ್ಲುತ್ತವೆ. ಅಷ್ಟರಲ್ಲಿ ಇಲಿ ನಿಮ್ಮ ಕೈಗೆಟುಕದ ಸಂದಿಯಲ್ಲಿ ಹೋಗಿ ಸಾಯುತ್ತದೆ. ಅದನ್ನು ತಿಂದ ಗೂಬೆ, ಬೆಕ್ಕು, ಮರಬೆಕ್ಕಿಗೂ ವಿಷ ಏರುತ್ತದೆ.

ಹಂತ 7: ಈಗ ಮುಚ್ಚಿ

ಮತ್ತೊಮ್ಮೆ ಪತ್ರಿಕೆ ತುರುಕಿ ಮೂರು ರಾತ್ರಿ ನೋಡಿ. ಅಲುಗದಿದ್ದರೆ ಶುರು ಮಾಡಿ. ಕೆಲಸ ಹಗಲಿನಲ್ಲೇ ಆಗಲಿ.

ಪ್ಲಾಸ್ಟಿಕ್ ಬಲೆ, ಥರ್ಮೋಕೋಲು, ಸ್ಪ್ರೇ ಫೋಮು, ಬಟ್ಟೆ ಯಾವುದೂ ನಿಲ್ಲುವುದಿಲ್ಲ. ಒಂದೇ ರಾತ್ರಿಗೆ ಇಲಿ ಕಡಿದು ಹಾಕುತ್ತದೆ. ಅರ್ಧ ಇಂಚಿನ ಜಿಐ ಜಾಲರಿಯನ್ನು ಸಂದಿಗಿಂತ ಎರಡು ಇಂಚು ದೊಡ್ಡದಾಗಿ ಕತ್ತರಿಸಿ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಬರೀ ಮೊಳೆ ಹೊಡೆದರೆ ಮರಬೆಕ್ಕು ಎಳೆದು ಕೀಳುತ್ತದೆ. ಸುಂಡಿಲಿಯ ಕಾಟವಿದ್ದರೆ ಕಾಲು ಇಂಚಿನ ಜಾಲರಿಯೇ ಬೇಕು. ಪೈಪಿನ ಸುತ್ತ ತೂತಿಗೆ ಪಾತ್ರೆ ಉಜ್ಜುವ ಸ್ಟೀಲು ನಾರನ್ನು ಬಿಗಿಯಾಗಿ ತುಂಬಿ ಮೇಲೆ ಸಿಮೆಂಟು ಮೆತ್ತಿ. ನೆತ್ತಿಯ ಹೆಂಚಿಗೆ ಗಾರೆ ಹೊಸದಾಗಿ ಹಾಕಿಸಿ. ಸರಿಯುವ ಹೆಂಚುಗಳನ್ನು ರೀಪಿಗೆ (ಹೆಂಚು ಕೂರುವ ಅಡ್ಡಪಟ್ಟಿಗೆ) ತಂತಿಯಿಂದ ಕಟ್ಟಿಸಿ, ಮುಖ್ಯವಾಗಿ ಸೂರಿನ ಎರಡು ಸಾಲು.

ಗಾಳಿ ಓಡಾಡುವ ದಾರಿಯನ್ನು ಸಿಮೆಂಟಿನಿಂದ ಮುಚ್ಚಿಬಿಡುವವರಿದ್ದಾರೆ. ಅಟ್ಟ ಬೆವರಿ ಮರ ಲಡ್ಡಾಗುತ್ತದೆ, ಅಡಿಕೆ ಬೂಸ್ಟು ಹಿಡಿಯುತ್ತದೆ. ಗಾಳಿಕಿಂಡಿಗೆ ಜಾಲರಿಯೇ ಸರಿ.

ಹಂತ 8: ಹಿಕ್ಕೆ ತೆಗೆಯುವುದು, ಒಣಗುಡಿಸದೆ

ಪೊರಕೆ ಹಿಡಿದು ಒಣ ಹಿಕ್ಕೆ ಗುಡಿಸಿದರೆ ಎದ್ದ ಧೂಳು ನೇರ ಶ್ವಾಸಕೋಶಕ್ಕೆ. ಬಾವಲಿ, ಹಕ್ಕಿಗಳ ಹಿಕ್ಕೆಯ ರಾಶಿಯಲ್ಲಿ ಬೆಳೆಯುವ ಶಿಲೀಂಧ್ರದಿಂದ ಶ್ವಾಸಕೋಶದ ಸೋಂಕು ಬರುತ್ತದೆ. ಇಲಿಯ ಮೂತ್ರದಿಂದ ಇಲಿಜ್ವರ. ಮಾಸ್ಕು, ಕೈಗವಸು ಹಾಕಿ, ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಒದ್ದೆಯಾಗಿರುವಾಗಲೇ ಬಳಿದು ಚೀಲಕ್ಕೆ ತುಂಬಿ. ಬ್ಲೀಚಿನ ಜೊತೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ನಾತ ಉಳಿದರೆ ಅದೇ ಜಾಗಕ್ಕೆ ಮತ್ತೊಂದು ಪ್ರಾಣಿ ಮೂಗು ಹಿಡಿದು ಬರುತ್ತದೆ, ಆದ್ದರಿಂದ ಮರಬೆಕ್ಕಿನ ಮೂಲೆಯನ್ನು ಎರಡು ಸಲ ತೊಳೆಯಿರಿ.

ಕೆಲಸ ನಿಲ್ಲಿಸಿ ಸಹಾಯ ಕರೆಯಬೇಕಾದ ಲಕ್ಷಣಗಳು

ಸುಟ್ಟ ಪ್ಲಾಸ್ಟಿಕ್ ವಾಸನೆ, ಕಾರಣವಿಲ್ಲದೆ ಬೀಳುವ ಫ್ಯೂಸು: ಮೊದಲು ಎಲೆಕ್ಟ್ರಿಷಿಯನ್, ಪ್ರಾಣಿ ಆಮೇಲೆ.

ಹಗಲು ಹೊತ್ತಿನಲ್ಲಿ ತೂರಾಡುತ್ತ ನಡೆಯುವ, ಹೆದರದೆ ಮೇಲೆ ಬರುವ ಮರಬೆಕ್ಕು, ನೆಲದ ಮೇಲೆ ಬಿದ್ದಿರುವ ಬಾವಲಿ: ಮುಟ್ಟಬೇಡಿ, ಮಕ್ಕಳನ್ನು ನಾಯಿಯನ್ನು ಒಳಗೆ ಕರೆದುಕೊಳ್ಳಿ, 1926ಕ್ಕೆ ತಿಳಿಸಿ.

ಯಾವುದೇ ಕಾಡುಪ್ರಾಣಿ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ವಿಷಯ ಕೇಳಿ. ಅರಿಶಿನ, ಸುಣ್ಣ ಹಚ್ಚುವುದು ಬೇಡ. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಕೈಕಾಲು ಅಲುಗಿಸದೆ 108ಕ್ಕೆ ಕರೆ ಮಾಡಿ.

ಮಲೆನಾಡಿನಲ್ಲಿ ಮಾಡಿನ ಮೇಲೋ ಹಿತ್ತಲಲ್ಲೋ ಸತ್ತ ಮಂಗ ಕಂಡರೆ ನೀವೇ ಎತ್ತಿ ಹಾಕಲು ಹೋಗಬೇಡಿ. ಮಂಗನಕಾಯಿಲೆಯ ಉಣುಗು ಅದರ ಮೈ ಬಿಟ್ಟು ನಿಮ್ಮ ಮೈಗೆ ಹತ್ತಬಹುದು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೇಳಿ.

ಹಂತ 9: ಮರ, ಬೆಳಕು, ಬಚ್ಚಲ ಹಿಂದಿನ ಬಕೆಟ್ಟು

ಮಾಡಿಗೆ ತಾಗುವ ಕೊಂಬೆಗಳನ್ನು ಎಂಟು ಅಡಿ ಹಿಂದಕ್ಕೆ ಕಡಿಸಿ. ಮಾವಿನ ಒಂದೇ ಕೊಂಬೆ ಉಳಿಸಿ, ‘ಅದು ಸಣ್ಣದು, ಅದರ ಮೇಲೆ ಏನು ಬರುತ್ತದೆ’ ಎಂದವರ ಮನೆಗೇ ನಾನು ಎರಡನೆಯ ಸಲ ಹೋಗಿದ್ದು. ಮನೆಗೆ ಒರಗಿದ ತೆಂಗಿನ ಮರವಿದ್ದರೆ ಕಾಂಡಕ್ಕೆ ಆಳೆತ್ತರದ ಮೇಲೆ ಒಂದೂವರೆ ಎರಡು ಅಡಿ ಅಗಲದ ನುಣುಪು ತಗಡು ಸುತ್ತಿಸಿ. ಇಲಿಗೆ ಉಗುರು ಊರಲು ಆಗುವುದಿಲ್ಲ.

ರಾತ್ರಿ ಹೊರಗೆ ಬಾಳೆಗೊನೆ ನೇತುಹಾಕುವುದು, ನಾಯಿಯ ತಟ್ಟೆಯಲ್ಲಿ ಅನ್ನ ಉಳಿಸುವುದು, ಬಚ್ಚಲ ಹಿಂದೆ ಮುಸುರೆ ಬಕೆಟ್ಟು ತೆರೆದಿಡುವುದು ನಿಲ್ಲಲಿ. ಇವು ಇರುವವರೆಗೆ ಅಟ್ಟ ಮುಚ್ಚಿದ ಮರಬೆಕ್ಕು ಕೊಟ್ಟಿಗೆಯ ಮಾಡಿಗೆ ವಾಸ ಬದಲಿಸುತ್ತದೆ ಅಷ್ಟೇ.

ತಪಾಸಣೆ ವರ್ಷಕ್ಕೆ ಎರಡು ಸಲ: ಏಪ್ರಿಲ್‌ನಲ್ಲಿ, ಮಳೆಗೆ ಮುಂಚೆ ಹೆಂಚು ತಿರುವಿಹಾಕುವ ಹೊತ್ತಿಗೆ ಒಮ್ಮೆ, ಅಕ್ಟೋಬರ್-ನವೆಂಬರ್‌ನಲ್ಲಿ, ಗಾಳಿ ಮಳೆಗೆ ಸರಿದ ಹೆಂಚು ಕೂರಿಸುವಾಗ ಇನ್ನೊಮ್ಮೆ. ಹೆಂಚು ಹೊದಿಸುವವರು ಬಂದ ದಿನ ನೀವೂ ಕೆಳಗೆ ನಿಂತಿರಿ. ಅವರು ಜಾಲರಿ ಬಿಚ್ಚಿ ಕೆಲಸ ಮಾಡಿ, ಸಂಜೆ ಅವಸರದಲ್ಲಿ ಅದನ್ನು ಮರಳಿ ಬಿಗಿಯದೆ ಹೋಗುವುದೇ ಹೆಚ್ಚು.